ನಿಂತ ಬೈಕಿನ ಮಳೆಗಾಲ

ನಮ್ಮ ಮನೆಯಲ್ಲಿ ಮಳೆಯ ಲೆಕ್ಕ ಬರೆದಿಡುವ ಉದ್ದನೆಯ ಪುಸ್ತಕಗಳಿವೆ. ಕೊಡಗಿನ ಕಾಫಿ ತೋಟದ ಮನೆಗಳಿಗೆ ಇದು ಹೊಸ ಸಂಗತಿಯೇನಲ್ಲ. ಅಂಗಳದ ಮಳೆಮಾಪಕದಲ್ಲಿ ಸೇರಿದ ನೀರನ್ನು ಬೆಳಗ್ಗೆ ಅಳೆದು, ಇಂಚು ಮತ್ತು ಸೆಂಟುಗಳಲ್ಲಿ (ಇಂಚಿನ ನೂರನೆಯ ಒಂದು ಭಾಗ ಒಂದು ಸೆಂಟು) ಬರೆದ ಮೇಲೆಯೇ ತಿಂಡಿಗೆ ಕೂರುವ ಹಿರಿಯರು ಈಗಲೂ ಇದ್ದಾರೆ. ನಮ್ಮ ತಂದೆಯವರು ಆ ಪುಸ್ತಕದ ಬಲಗಡೆಯ ಅಂಚನ್ನು ತಮ್ಮ ಯೆಜ್ಡಿ ಬೈಕಿಗೆ ಮೀಸಲಿಟ್ಟಿದ್ದರು. ‘ಪ್ಲಗ್ ಬದಲು’, ‘ಪಾಯಿಂಟ್ ತಿಕ್ಕಿದೆ’, ‘ಕ್ಲಚ್ ಕೇಬಲ್ ಹೊಸದು’ ಎಂಬಂಥ ಎರಡು ಮೂರು ಪದಗಳ ಟಿಪ್ಪಣಿಗಳು ಮಳೆಯ ಅಂಕಿಗಳ ಪಕ್ಕದಲ್ಲೇ ಇವೆ. ಅವರು ತೀರಿಕೊಂಡ ನಂತರ ಒಂದು ಮಧ್ಯಾಹ್ನ ಆ ಪುಸ್ತಕಗಳನ್ನೆಲ್ಲ ಮುಂದಿಟ್ಟುಕೊಂಡು ರಿಪೇರಿಗಳನ್ನು ತಿಂಗಳುವಾರು ಎಣಿಸಿದೆ. ಕಾಫಿ ಕೊಯ್ಲಿನ ಕಾಲದಲ್ಲಿ ಬೈಕು ದಿನವೂ ತೋಟ, ವಿರಾಜಪೇಟೆ, ಗೋಣಿಕೊಪ್ಪ ಎಂದು ಓಡುತ್ತಿತ್ತು. ಆ ತಿಂಗಳುಗಳ ಅಂಚು ಹೆಚ್ಚುಕಡಿಮೆ ಖಾಲಿ. ಸೆಪ್ಟೆಂಬರ್ ಮತ್ತು ಅಕ್ಟೋಬರಿನ ಅಂಚುಗಳಲ್ಲಿ ಮಾತ್ರ ಬರೆಯಲು ಜಾಗ ಸಾಲದೆ ಅಕ್ಷರಗಳು ಓರೆಯಾಗಿ ಏರಿವೆ. ಬೈಕು ಕೆಟ್ಟದ್ದು ಓಡಿದ ತಿಂಗಳುಗಳಲ್ಲಿ ಅಲ್ಲವೆಂದೂ ಜೂನ್‌ನಿಂದ ಆಗಸ್ಟ್‌ವರೆಗೆ ಶೆಡ್ಡಿನಲ್ಲಿ ಸುಮ್ಮನೆ ನಿಂತಿದ್ದಾಗ ಎಂದೂ ಆ ದಿನ ನನಗೆ ಮನವರಿಕೆಯಾಯಿತು. ಅಂದಿನಿಂದ ನಾನು ಮನೆಯಲ್ಲಿ ಮಾಡುವ ಕೆಲಸವೆಲ್ಲ ಈ ಒಂದು ತಿಳಿವಳಿಕೆಯ ಸುತ್ತ ನಡೆಯುತ್ತಿದೆ.

ನನ್ನ ಬಳಿ ಎರಡು ಹಳೆಯ ಬೈಕುಗಳಿವೆ. ಒಂದು ತಂದೆಯವರು 1986ರಲ್ಲಿ ಮೈಸೂರಿನಿಂದ ತಂದ ಯೆಜ್ಡಿ ರೋಡ್‌ಕಿಂಗ್; ಸ್ಪಾರ್ಕಿಗೆ ಸಿ.ಡಿ.ಐ. ಎಂಬ ಎಲೆಕ್ಟ್ರಾನಿಕ್ ವ್ಯವಸ್ಥೆ ಬರುವುದಕ್ಕೆ ಮೊದಲಿನ, ತೆರೆದು ಮುಚ್ಚುತ್ತ ಸ್ಪಾರ್ಕ್ ಹುಟ್ಟಿಸುವ ಲೋಹದ ಪಾಯಿಂಟ್ ಇರುವ ಬೈಕು. ಇನ್ನೊಂದು ಸೈನ್ಯದಿಂದ ನಿವೃತ್ತರಾದ ಚಿಕ್ಕಪ್ಪನವರ ಎನ್‌ಫೀಲ್ಡ್ ಬುಲೆಟ್ 350. ಬಲಗಾಲಿನ ಗೇರು, ಎರಕದ ಕಬ್ಬಿಣದ ಸಿಲಿಂಡರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ ತಯಾರಿಕೆ ಆರಂಭಿಸಿ, ಮುಂದೆ ಯೆಜ್ಡಿಯ ಹೆಸರಿನಲ್ಲಿ ನಡೆದು, 1996ರಲ್ಲಿ ಮುಚ್ಚಿತು. ಮೈಸೂರು ನಮಗೆ ಹತ್ತಿರದ ದೊಡ್ಡ ಊರಾದ್ದರಿಂದ ಕೊಡಗಿನ ಮನೆಗಳಿಗೆ ಆ ಬೈಕುಗಳು ಬಹಳ ಬಂದವು, ಮತ್ತು ಅವುಗಳ ಒಳಗುಟ್ಟು ಬಲ್ಲ ಮೆಕ್ಯಾನಿಕ್ಕುಗಳು ಪ್ರತಿ ಪೇಟೆಯಲ್ಲೂ ಇದ್ದರು. ಈಗ ಅವರಲ್ಲಿ ಬಹಳ ಮಂದಿ ಇಲ್ಲ. ಇತ್ತೀಚೆಗೆ ಅವೇ ಹೆಸರುಗಳಲ್ಲಿ ಬಂದಿರುವ ಹೊಸ ಬೈಕುಗಳು ನಾಲ್ಕು ಸ್ಟ್ರೋಕಿನ, ನೀರಿನಿಂದ ತಂಪಾಗುವ ಎಂಜಿನ್ನಿನವು. ಅವುಗಳ ಬಿಡಿಭಾಗದಿಂದ ನಮ್ಮ ಹಳೆಯವಕ್ಕೆ ಪ್ರಯೋಜನವಿಲ್ಲ. ಹೀಗಾಗಿ ಹಳೆಯ ಬೈಕು ಇಟ್ಟುಕೊಂಡವರು ಸ್ವಂತ ಕೈಯಿಂದ ಕೆಲಸ ಕಲಿಯುವುದು ಅನಿವಾರ್ಯವಾಗಿದೆ.

ಶೆಡ್ಡು ಎಂದರೆ ಹಿಂದೆ ಕಾಫಿ ಚೀಲ ಜೋಡಿಸುತ್ತಿದ್ದ ಕೋಣೆ. ಹೆಂಚಿನ ಮಾಡು, ಸಿಮೆಂಟಿನ ನೆಲ, ಪೂರ್ವಕ್ಕೊಂದು ಕಿಟಕಿ. ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಈ ಕೋಣೆಯ ನೆಲ ಬೆವರುತ್ತದೆ. ಮಾಡು ಸೋರದಿದ್ದರೂ ಗಾಳಿಯಲ್ಲಿರುವ ತೇವ ತಣ್ಣಗಿನ ಕಬ್ಬಿಣದ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಚರ್ಮದ ಚಪ್ಪಲಿಗೆ ಎರಡು ದಿನದಲ್ಲಿ ಬೂಷ್ಟು ಹಿಡಿಯುವ ಕಾಲದಲ್ಲಿ ಕಡ್ಡಿತಂತಿ, ರಿಮ್ಮು, ಕೇಬಲ್ಲು, ಟ್ಯಾಂಕಿನ ಒಳಮೈ ಇವುಗಳ ಗತಿ ಏನಾಗಬಹುದೆಂದು ಬೇರೆ ಹೇಳಬೇಕಿಲ್ಲ. ಮೊದಲ ವರ್ಷ ಬೈಕಿಗೆ ನೀಲಿ ಪ್ಲಾಸ್ಟಿಕ್ ತಾಡಪಾಲು ಹೊದಿಸಿ ಕಟ್ಟಿದ್ದೆ; ಬಿಚ್ಚಿದಾಗ ಒಳಗಡೆ ಹನಿಗಳು ಸಾಲುಗಟ್ಟಿದ್ದವು. ಪ್ಲಾಸ್ಟಿಕ್ಕು ಮಳೆಯನ್ನು ತಡೆಯುತ್ತದೆ, ಒಳಗಿನ ತೇವವನ್ನು ಮಾತ್ರ ಹೊರಗೆ ಬಿಡುವುದಿಲ್ಲ. ಈಗ ಹಳೆಯ ಹತ್ತಿಯ ಜಮಖಾನೆಯೊಂದನ್ನು ಸಡಿಲವಾಗಿ ಹೊದಿಸುತ್ತೇನೆ. ಎರಡೂ ಬೈಕುಗಳನ್ನು ಸಿಲ್ವರ್ ಓಕಿನ ಹಲಗೆಗಳ ಮೇಲೆ, ನಡುವಿನ ಸ್ಟ್ಯಾಂಡಿನಲ್ಲಿ ನಿಲ್ಲಿಸುತ್ತೇನೆ. ಟೈರು ಬೆವರುವ ನೆಲಕ್ಕೆ ತಾಗುವುದಿಲ್ಲ, ಒಂದೇ ಕಡೆ ಭಾರ ಬಿದ್ದು ಚಪ್ಪಟೆಯಾಗುವುದೂ ಇಲ್ಲ. ಎಂಜಿನ್ನಿನ ಕೆಳಗೆ ಸುರಕ್ಷಿತವಾದ ಹೋಲ್ಡರಿನಲ್ಲಿ 40 ವ್ಯಾಟಿನ ಹಳೆಯ ಬಲ್ಬೊಂದನ್ನು, ಬಟ್ಟೆಗೂ ಪೆಟ್ರೋಲಿಗೂ ದೂರವಾಗಿ, ಉರಿಸಿಡುತ್ತೇನೆ. ಲೋಹವು ಸುತ್ತಲಿನ ಗಾಳಿಗಿಂತ ಎರಡು ಮೂರು ಡಿಗ್ರಿ ಬೆಚ್ಚಗಿದ್ದರೆ ಸಾಕು, ಅದರ ಮೇಲೆ ಇಬ್ಬನಿ ಕೂರುವುದಿಲ್ಲ. ವಿದ್ಯುತ್ತು ವಾರಗಟ್ಟಲೆ ಹೋಗುವ ದಿನಗಳೂ ಇಲ್ಲಿ ಇರುವುದರಿಂದ ಬಲ್ಬನ್ನೊಂದೇ ನಂಬಿ ಕೂರಲಾಗದು.

ಇಲ್ಲಿ ಒಂದು ರೂಢಿಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಒಳ್ಳೆಯ ಉದ್ದೇಶದಿಂದಲೇ ಹಲವರು ಅದನ್ನು ಪಾಲಿಸುತ್ತಾರೆ. ಮಳೆಗಾಲದಲ್ಲಿ ಪ್ರತಿ ಭಾನುವಾರ ಬೈಕನ್ನು ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಆರಿಸುವುದೇ ಆ ರೂಢಿ. ತಂದೆಯವರೂ ಹಾಗೆಯೇ ಮಾಡುತ್ತಿದ್ದರು. ಆದರೆ ಪೆಟ್ರೋಲ್ ಉರಿದಾಗ ಹೊಗೆಯ ಜೊತೆಗೆ ನೀರೂ ಹುಟ್ಟುತ್ತದೆ. ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಡಿಮೆ ಒಂದು ಲೀಟರ್ ನೀರು. ಬೈಕು ಹತ್ತು ಹದಿನೈದು ಕಿಲೋಮೀಟರ್ ಓಡಿ ಚೆನ್ನಾಗಿ ಕಾದರೆ ಆ ನೀರು ಆವಿಯಾಗಿ ಹೊರಹೋಗುತ್ತದೆ. ಐದು ನಿಮಿಷದ ಓಟದಲ್ಲಿ ಸೈಲೆನ್ಸರು ಕಾಯುವುದೇ ಇಲ್ಲವಾದ್ದರಿಂದ ನೀರು ಅಲ್ಲೇ ತಂಪಾಗಿ, ಮಸಿಯೊಡನೆ ಬೆರೆತು ಹುಳಿಯಾಗಿ, ಒಳಗಿನಿಂದ ತಿನ್ನತೊಡಗುತ್ತದೆ. ಬುಲೆಟ್ಟಿನಲ್ಲಾದರೆ ಅದು ಎಂಜಿನ್ ಆಯಿಲಿಗೂ ಸೇರುತ್ತದೆ. ಆಯಿಲ್ ತುಂಬುವ ಮುಚ್ಚಳದ ಒಳಗೆ ಬೆಣ್ಣೆಯ ಹಾಗೆ ಕಾಣುವ ಬಿಳಿ ಪದಾರ್ಥ ಅದರ ಗುರುತು. ಮೇಲಾಗಿ ಮಳೆಯೆಂದು ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುವುದು ಪ್ರಾಣಕ್ಕೇ ಅಪಾಯ, ಏಕೆಂದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊಳವಾದ ದಿನ ಬೈಕನ್ನು ಗೋಣಿಕೊಪ್ಪದವರೆಗೆ ಓಡಿಸಿ ತರುವುದು ಒಳ್ಳೆಯದು. ಅದಾಗದಿದ್ದರೆ ಕಿಕ್ಕರನ್ನು ಮುಟ್ಟದೆ ಇರುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾಗಿ ಮೇ ಕೊನೆಯ ವಾರದಲ್ಲಿ ನಾನು ಬೈಕುಗಳನ್ನು ಮಳೆಗಾಲಕ್ಕೆ ಮಲಗಿಸುತ್ತೇನೆ. ಮೊದಲು ಪೆಟ್ರೋಲ್ ಪೂರ್ತಿ ತೆಗೆಯಬೇಕು. ಟ್ಯಾಂಕ್ ತುಂಬ ಪೆಟ್ರೋಲ್ ಇಟ್ಟರೆ ಗಾಳಿಗೆ ಜಾಗವಿಲ್ಲದೆ ತುಕ್ಕು ಹಿಡಿಯುವುದಿಲ್ಲ ಎಂಬ ಹಳೆಯ ಮಾತು ಅಂದಿನ ಪೆಟ್ರೋಲಿಗೆ ಸರಿಯಾಗಿತ್ತು. 2023ರ ಫೆಬ್ರುವರಿಯಿಂದ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ ದೇಶದಲ್ಲಿ ಮಾರಾಟಕ್ಕೆ ಬಂದು, ಈಗ ನಮ್ಮ ಪಂಪುಗಳಲ್ಲೂ ಸಿಗುವುದು ಅದೇ. ಎಥೆನಾಲ್ ಗಾಳಿಯಿಂದ ತೇವವನ್ನು ಹೀರಿಕೊಳ್ಳುತ್ತದೆ. ಟ್ಯಾಂಕಿನ ಮುಚ್ಚಳದಲ್ಲಿ ಉಸಿರಾಡುವ ಸಣ್ಣ ತೂತು ಇರುವ ಹಳೆಯ ಬೈಕಿನಲ್ಲಿ, ಕೊಡಗಿನ ಜುಲೈಯಲ್ಲಿ, ಹೀರಿಕೊಳ್ಳಲು ತೇವಕ್ಕೆ ಕೊರತೆಯಿಲ್ಲ. ನೀರು ಒಂದು ಮಿತಿ ಮೀರಿದಾಗ ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನೊಡನೆ ಸೇರಿ ಬೇರೆ ಪದರವಾಗಿ ತಳಕ್ಕೆ ಇಳಿಯುತ್ತದೆ. ಪೆಟ್ರೋಲಿನ ನಲ್ಲಿ ಇರುವುದೂ ತಳದಲ್ಲೇ. ಯೆಜ್ಡಿಯಂಥ ಎರಡು ಸ್ಟ್ರೋಕಿನ ಬೈಕಿಗೆ ಇದರಲ್ಲಿ ಇನ್ನೂ ದೊಡ್ಡ ಅಪಾಯವಿದೆ: ಎಂಜಿನ್ನಿನ ಜಾರಿಕೆಗಾಗಿ ನಾವು ಪೆಟ್ರೋಲಿಗೇ ಬೆರೆಸಿದ 2ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿದುಬಿಡುವುದರಿಂದ, ತಳದ ಪದರ ಎಂಜಿನ್ನಿಗೆ ಹೋದಷ್ಟು ಹೊತ್ತು ಪಿಸ್ಟನ್ನಿಗೆ ಎಣ್ಣೆಯೇ ಸಿಗುವುದಿಲ್ಲ. ಸಂಶಯವಿದ್ದವರು ಸೆಪ್ಟೆಂಬರಿನಲ್ಲಿ ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಸೀಸೆಗೆ ಇಳಿಸಿ ಅರ್ಧ ಗಂಟೆ ಬಿಟ್ಟು ಬೆಳಕಿಗೆ ಹಿಡಿದು ನೋಡಲಿ. ನಡುವೆ ಗೆರೆ ಕಂಡರೆ ಆ ಪೆಟ್ರೋಲು ಬೈಕಿಗೆ ಬೇಡ.

ಟ್ಯಾಂಕನ್ನು ಬರಿದು ಮಾಡಿದ ಮೇಲೆ ನೂರು ಮಿಲಿಲೀಟರಿನಷ್ಟು 2ಟಿ ಆಯಿಲ್ ಹಾಕಿ, ಟ್ಯಾಂಕನ್ನು ಬಿಚ್ಚಿ ಮಡಿಲಲ್ಲಿಟ್ಟು ಎಲ್ಲ ಮೂಲೆಗೂ ಎಣ್ಣೆ ತಾಗುವಂತೆ ನಿಧಾನವಾಗಿ ಹೊರಳಿಸುತ್ತೇನೆ. ಪ್ಲಗ್ ತೆಗೆದು ಸಿಲಿಂಡರಿನೊಳಕ್ಕೆ ಒಂದು ಚಮಚ ಎಣ್ಣೆ ಬಿಟ್ಟು, ಇಗ್ನಿಷನ್ ಆರಿಸಿ ನಾಲ್ಕಾರು ಬಾರಿ ಕಿಕ್ ತುಳಿಯುತ್ತೇನೆ. ಬುಲೆಟ್ಟನ್ನು ಕಂಪ್ರೆಷನ್ನಿನ ಮೇಲ್ತುದಿಯಲ್ಲಿ ನಿಲ್ಲಿಸುತ್ತೇನೆ. ಆಗ ಎರಡೂ ವಾಲ್ವುಗಳು ಮುಚ್ಚಿರುತ್ತವೆ. ಕೊನೆಗೆ ಸೈಲೆನ್ಸರಿನ ಬಾಯಿಗೆ ಬಟ್ಟೆ ಕಟ್ಟಬೇಕು. ಯೆಜ್ಡಿಗೆ ಒಂದೇ ಸಿಲಿಂಡರಿದ್ದರೂ ಎರಡು ಸೈಲೆನ್ಸರುಗಳು. ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಎರಡೂ ಇಷ್ಟ. ಒಂದು ವರ್ಷ ಎಡಬದಿಯ ಸೈಲೆನ್ಸರಿನಲ್ಲಿ ಗಟ್ಟಿ ಗೂಡು ಕೂತು, ಬೈಕಿಗೆ ಶಕ್ತಿಯೇ ಇಲ್ಲದಂತಾಗಿ, ಕಾರಣ ಹುಡುಕಲು ನನಗೆ ಮೂರು ದಿನ ಹಿಡಿದಿತ್ತು.

ಆಗಲೇ ತುಕ್ಕು ಹಿಡಿದ ಟ್ಯಾಂಕಿನ ಕೆಲಸಕ್ಕೆ ಮಳೆಗಾಲ ಕಾಲವಲ್ಲ. ತುಕ್ಕು ತೆಗೆದ ಹಸಿ ಕಬ್ಬಿಣ ತೇವದ ಗಾಳಿಯಲ್ಲಿ ನಾವು ನೋಡುತ್ತಿರುವಂತೆಯೇ ಮತ್ತೆ ಕೆಂಪಾಗುತ್ತದೆ. ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಕಣದಲ್ಲಿ ರೊಬಸ್ಟಾ ಒಣಗುತ್ತಿರುವಾಗ ಅದರ ಪಕ್ಕದಲ್ಲೇ ಟ್ಯಾಂಕೂ ಒಣಗಬಹುದು. ನಾನು ಅನುಸರಿಸುವುದು ವಿದ್ಯುತ್ತಿನ ವಿಧಾನ. ಬಟ್ಟೆ ಒಗೆಯುವ ಸೋಡಾವನ್ನು ನಾಲ್ಕೈದು ಲೀಟರ್ ನೀರಿಗೆ ಒಂದು ದೊಡ್ಡ ಚಮಚದಂತೆ ಕರಗಿಸಿ ಟ್ಯಾಂಕಿಗೆ ತುಂಬಿ, ಮುಚ್ಚಳದ ಬಾಯಿಂದ ಸಾಧಾರಣ ಕಬ್ಬಿಣದ ಸಲಾಕೆಯೊಂದನ್ನು ಟ್ಯಾಂಕಿಗೆ ಎಲ್ಲಿಯೂ ತಾಗದ ಹಾಗೆ ಇಳಿಬಿಟ್ಟು, ಬ್ಯಾಟರಿ ಚಾರ್ಜರಿನ ಧನ ತುದಿಯನ್ನು ಸಲಾಕೆಗೂ ಋಣ ತುದಿಯನ್ನು ಟ್ಯಾಂಕಿಗೂ ಜೋಡಿಸಿ ರಾತ್ರಿಯಿಡೀ ಬಿಟ್ಟರೆ, ತುಕ್ಕು ಕಪ್ಪು ಕೆಸರಾಗಿ ಕಳಚಿಕೊಳ್ಳುತ್ತದೆ. ತುದಿಗಳು ಅದಲುಬದಲಾದರೆ ಟ್ಯಾಂಕೇ ಸವೆಯುತ್ತದೆ. ಸಲಾಕೆ ಸ್ಟೇನ್‌ಲೆಸ್ ಸ್ಟೀಲಿನದಾಗಿರಕೂಡದು, ಅದರಿಂದ ವಿಷಕಾರಿಯಾದ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಗುಳ್ಳೆಗಳಾಗಿ ಏಳುವುದು ಜಲಜನಕವಾದ್ದರಿಂದ ಈ ಕೆಲಸ ತೆರೆದ ಜಾಗದಲ್ಲೇ ಆಗಬೇಕು, ಬೆಂಕಿ ಹತ್ತಿರ ಸುಳಿಯಬಾರದು. ಬೆಳಗ್ಗೆ ತೊಳೆದು, ಬಿಸಿಲಲ್ಲಿ ಬಿಸಿಯಾಗುವವರೆಗೆ ಒಣಗಿಸಿ, ಕೂಡಲೇ ಎಣ್ಣೆ ಹಾಕಿ ಹೊರಳಿಸಬೇಕು. ಟ್ಯಾಂಕಿನ ಒಳಗೆ ಬಳಿಯುವ ಲೇಪನಗಳನ್ನು ನಾನು ಒಪ್ಪುವುದಿಲ್ಲ. ಅವುಗಳಲ್ಲಿ ಕೆಲವು ಎಥೆನಾಲಿಗೆ ಕರಗಿ ಹಾಳೆಹಾಳೆಯಾಗಿ ಎದ್ದು ನಲ್ಲಿಯನ್ನು ಕಟ್ಟಿಕೊಳ್ಳುತ್ತವೆ.

ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರಿನ ವಿಷಯ ಬೇಗ ಹೇಳಿ ಮುಗಿಸಬಹುದು. ಅದರ ದೇಹ ಸತು ಬೆರೆತ ಎರಕ. ತಳದ ಬಟ್ಟಲಿನಲ್ಲಿ ಬಿಳಿ ಪುಡಿ ಕಂಡರೆ ಅಲ್ಲಿ ನೀರು ನಿಂತಿತ್ತೆಂದು ಅರ್ಥ. ಹಿತ್ತಾಳೆಯ ಪಾತ್ರೆಗೆ ಹುಣಸೆಹಣ್ಣು ಹಾಕಿ ಉಜ್ಜಿದ ಅಭ್ಯಾಸದಿಂದ ಕಾರ್ಬ್ಯುರೇಟರನ್ನೂ ಹುಳಿಯಲ್ಲಿ ನೆನೆಸುವವರಿದ್ದಾರೆ. ಹುಳಿಯು ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆಯ ಜೆಟ್ಟನ್ನು ಹೊಳೆಯಿಸಿ, ಸತುವಿನ ದೇಹವನ್ನು ತಿಂದುಹಾಕುತ್ತದೆ. ಜೆಟ್ಟಿನ ತೂತಿಗೆ ಸೂಜಿ ಅಥವಾ ಉಕ್ಕಿನ ತಂತಿ ತೂರಿಸಬಾರದು. ವಯರಿನೊಳಗಿನ ತಾಮ್ರದ ಒಂದು ಎಳೆ ಅಥವಾ ಮೀನಿನ ಗಾಳದ ನೈಲಾನ್ ದಾರ ಸಾಕು. ಎಥೆನಾಲಿಗೆ ಶಕ್ತಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಿದ್ದು, ಉರಿಯಲು ಬೇಕಾದ ಗಾಳಿಯೂ ಕಡಿಮೆ. ಹಳೆಯ ಜೆಟ್ಟುಗಳೇ ಇದ್ದರೆ ಮಿಶ್ರಣ ತೆಳುವಾಗಿ ಎಂಜಿನ್ ಹೆಚ್ಚು ಕಾಯುತ್ತದೆ. ಮುಖ್ಯ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿಕೊಂಡು, ಪ್ಲಗ್ಗಿನ ಬಣ್ಣ ನೋಡಿ ತೀರ್ಮಾನಿಸುವುದು ಸರಿ. ಪೆಟ್ರೋಲಿನ ಹಳೆಯ ರಬ್ಬರ್ ಕೊಳವೆ ಉಬ್ಬಿ ಮೆತ್ತಗಾಗಿದ್ದರೆ ಅದನ್ನು ಉಳಿಸಿಕೊಳ್ಳುವ ಯೋಚನೆಯೇ ಬೇಡ.

ನನಗೆ ಅತ್ಯಂತ ದುಬಾರಿಯಾಗಿ ಬಿದ್ದ ಪಾಠ ಕ್ರ್ಯಾಂಕಿನ, ಅಂದರೆ ಪಿಸ್ಟನ್ನಿನ ಕೆಳಗೆ ತಿರುಗುವ ದಂಡದ, ಸೀಲುಗಳದು. ತಂದೆಯವರ ಕಾಯಿಲೆಯ ವರ್ಷಗಳಲ್ಲಿ ಯೆಜ್ಡಿ ಮೂರು ಮಳೆಗಾಲ ಅಲುಗಾಡದೆ ನಿಂತಿತ್ತು. ಅನಂತರ ಅದನ್ನು ಹೊರತೆಗೆದು, ಪಾಯಿಂಟು, ಕಾರ್ಬ್ಯುರೇಟರು ಎಲ್ಲ ಶುದ್ಧಮಾಡಿ ಓಡಿಸತೊಡಗಿದೆ. ಎಕ್ಸಿಲರೇಟರ್ ಪೂರ್ತಿ ಬಿಟ್ಟರೂ ಎಂಜಿನ್ನಿನ ವೇಗ ಇಳಿಯಲು ತುಸು ಹೊತ್ತು ಹಿಡಿಯುತ್ತಿತ್ತು. ಕೇಬಲ್ ಬಿಗಿಯಾಗಿರಬೇಕೆಂದು ನಾನು ಅದನ್ನು ಕಡೆಗಣಿಸಿದೆ. ಮಾಕುಟ್ಟದಿಂದ ಪೆರುಂಬಾಡಿಯ ಕಡೆಗೆ ಘಾಟಿ ಏರುವಾಗ, ಎರಡನೆಯ ಗೇರಿನಲ್ಲಿ, ಎಂಜಿನ್ ಬಿಗಿಹಿಡಿದು ಹಿಂದಿನ ಚಕ್ರ ಜಾರಿತು. ಕ್ಲಚ್ ಹಿಡಿದದ್ದರಿಂದ ಬೀಳದೆ ಉಳಿದೆ. ಬೈಕನ್ನು ಒಯ್ದ ವರ್ಕ್‌ಶಾಪಿನಲ್ಲಿ ಸಿಲಿಂಡರನ್ನು ಬೋರ್ ಮಾಡಿಸಿ, ಅಂದರೆ ಒಳಮೈಯನ್ನು ತುಸು ದೊಡ್ಡದಾಗಿ ಕೊರೆಸಿ, ಅದಕ್ಕೆ ತಕ್ಕ ದೊಡ್ಡ ಅಳತೆಯ ಹೊಸ ಪಿಸ್ಟನ್ ಹಾಕಿ ಕೊಟ್ಟರು. ಪಿಸ್ಟನ್ ಹೀಗೆ ಸಿಕ್ಕಿಕೊಂಡು ಸೀಜ್ ಏಕೆ ಆಯಿತೆಂದು ಅವರೂ ನೋಡಲಿಲ್ಲ, ನಾನೂ ಕೇಳಲಿಲ್ಲ. ಎರಡು ತಿಂಗಳ ಒಳಗೆ ಹೊಸ ಪಿಸ್ಟನ್ ಕೂಡ ಅದೇ ರೀತಿ ಹಿಡಿಯಿತು.

ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪೆಟ್ರೋಲ್ ಮಿಶ್ರಣ ಮೊದಲು ಬರುವುದು ಕ್ರ್ಯಾಂಕ್ ತಿರುಗುವ ಗೂಡಾದ ಕ್ರ್ಯಾಂಕ್‌ಕೇಸಿಗೆ. ಪಿಸ್ಟನ್ ಕೆಳಗಿಳಿದಾಗ ಅಲ್ಲಿಂದ ಒತ್ತಡದೊಡನೆ ಮೇಲಕ್ಕೆ ಹೋಗುತ್ತದೆ. ಆದ್ದರಿಂದ ಕ್ರ್ಯಾಂಕ್‌ಕೇಸು ಗಾಳಿಯಾಡದಂತೆ ಮುಚ್ಚಿರಲೇಬೇಕು, ಆ ಕೆಲಸ ಮಾಡುವುದು ಎರಡು ಬದಿಯ ರಬ್ಬರ್ ಸೀಲುಗಳು. ಓಡುವ ಬೈಕಿನಲ್ಲಿ ಅವುಗಳ ತುಟಿಗೆ ಎಣ್ಣೆ ಸದಾ ತಾಗುತ್ತಿರುತ್ತದೆ. ವರ್ಷಗಟ್ಟಲೆ ನಿಂತ ಬೈಕಿನಲ್ಲಿ ಆ ತುಟಿ ಒಣಗಿ ಗಟ್ಟಿಯಾಗಿ, ತೇವಕ್ಕೆ ತುಕ್ಕು ಹಿಡಿದ ದಂಡದ ಮೇಲೆ ಉಜ್ಜಿ ಹರಿಯುತ್ತದೆ. ಯೆಜ್ಡಿಯ ಬಲಬದಿಯಲ್ಲಿ ಡೈನಮೋ ಹಿಂದಿರುವ ಸೀಲು ಹರಿದರೆ ಹೊರಗಿನ ಗಾಳಿ ಒಳಗೆ ಸೇರಿ ಮಿಶ್ರಣ ತೆಳುವಾಗುತ್ತದೆ. ಎಣ್ಣೆ ಬರುವುದೂ ಪೆಟ್ರೋಲಿನ ಜೊತೆಗೇ ಆದ್ದರಿಂದ ಶಾಖ ಹೆಚ್ಚಿದ ಹೊತ್ತಿನಲ್ಲೇ ಎಣ್ಣೆ ಕಡಿಮೆಯಾಗುತ್ತದೆ. ಎಡಬದಿಯ ಸೀಲು ಹರಿದರೆ ಲಕ್ಷಣ ಬೇರೆ: ಪ್ರೈಮರಿ ಚೈನಿನ ಕಡೆಯಿಂದ ಗೇರ್ ಆಯಿಲ್ ಒಳಗೆ ಎಳೆದುಕೊಂಡು ದಟ್ಟವಾದ ಬಿಳಿಹೊಗೆ ಬರುತ್ತದೆ, ಗೇರ್‌ಬಾಕ್ಸಿನ ಎಣ್ಣೆ ಮಾತ್ರ ಎಲ್ಲೂ ಸೋರದೆ ಇಳಿಯುತ್ತ ಹೋಗುತ್ತದೆ. ಎಕ್ಸಿಲರೇಟರ್ ಬಿಟ್ಟ ಮೇಲೂ ವೇಗ ಇಳಿಯದಿದ್ದುದು ಬಲಬದಿಯ ಸೀಲಿನ ಸ್ಪಷ್ಟ ಸೂಚನೆಯಾಗಿತ್ತು.

ಈಗ ನಾನು ಯಾವ ಎರಡು ಸ್ಟ್ರೋಕ್ ಎಂಜಿನ್ನನ್ನು ಬಿಚ್ಚುವ ಮೊದಲೂ ಗಾಳಿಯ ಪರೀಕ್ಷೆ ಮಾಡುತ್ತೇನೆ. ಇದಕ್ಕೆ ನನ್ನ ತಾಯಿಯವರ ಹಳೆಯ ಬಿ.ಪಿ. ಯಂತ್ರ ಬಳಕೆಯಾಗುತ್ತಿದೆ. ಕಾರ್ಬ್ಯುರೇಟರ್ ಮತ್ತು ಎರಡೂ ಸೈಲೆನ್ಸರ್ ಕೊಳವೆಗಳನ್ನು ಬಿಚ್ಚಿ, ಆ ಬಾಯಿಗಳಿಗೆ ಟೈರಿನ ಟ್ಯೂಬಿನಿಂದ ಕತ್ತರಿಸಿದ ರಬ್ಬರನ್ನೂ ಅದರ ಮೇಲೆ ದಪ್ಪ ತಗಡನ್ನೂ ಬಿಗಿದು, ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ಕೊಳವೆ ಕೂರಿಸಿದ ತುಂಡಿನ ಮೂಲಕ ಬಿ.ಪಿ. ಯಂತ್ರದ ರಬ್ಬರ್ ಚೆಂಡಿನಿಂದ ಗಾಳಿ ತುಂಬುತ್ತೇನೆ. ಪಿಸ್ಟನ್ನನ್ನು ಕೆಳತುದಿಯಲ್ಲಿ ಇಟ್ಟರೆ ಸಿಲಿಂಡರೂ ಕ್ರ್ಯಾಂಕ್‌ಕೇಸೂ ಒಂದಕ್ಕೊಂದು ತೆರೆದುಕೊಂಡಿರುತ್ತವೆ. ಮುಳ್ಳು 250ಕ್ಕೆ ಬಂದಾಗ, ಅಂದರೆ ಸುಮಾರು ಐದು ಪಿ.ಎಸ್.ಐ. ಒತ್ತಡದಲ್ಲಿ, ನಿಲ್ಲಿಸಿ ಗಡಿಯಾರ ನೋಡುತ್ತೇನೆ. ಒಳ್ಳೆಯ ಎಂಜಿನ್ನು ಐದು ನಿಮಿಷ ಕಳೆದರೂ ಅಲ್ಲೇ ಸುಮಾರಿಗೆ ನಿಲ್ಲುತ್ತದೆ. ಎರಡನೆಯ ಬಾರಿ ಸೀಜ್ ಆದ ನಮ್ಮ ಯೆಜ್ಡಿಯಲ್ಲಿ ಮುಳ್ಳು 100ನ್ನೂ ದಾಟಲಿಲ್ಲ. ಸೋಪಿನ ನೀರು ಹಚ್ಚಿದರೆ ಡೈನಮೋ ಹಿಂದೆ ಗುಳ್ಳೆಗಳು ಕಾಣಿಸಿಕೊಂಡವು. ತೆಗೆದ ಸೀಲು ಬೆರಳಲ್ಲಿ ಒತ್ತಿದರೆ ಹಪ್ಪಳದಂತೆ ಮುರಿಯಿತು. ಕೆಲವು ನೂರು ರೂಪಾಯಿಯ ಸೀಲಿಗಾಗಿ ಎರಡು ಬಾರಿ ಬೋರ್ ಮಾಡಿಸಿದ್ದಾಯಿತು. ಸಿಲಿಂಡರಿನಲ್ಲಿ ಕೊರೆಯಲು ಉಳಿದಿರುವ ಲೋಹ ಎಷ್ಟೆಂಬುದು ಮಿತವಾದದ್ದು. ಅದನ್ನು ಸುಮ್ಮನೆ ಕಳೆದುಕೊಂಡ ನೋವು ನನಗೆ ಇನ್ನೂ ಇದೆ.

ಸ್ಪಾರ್ಕಿನ ತೊಂದರೆಗಳೂ ನಿಂತ ಬೈಕಿನವೇ. ಪಾಯಿಂಟ್ ನೋಡಲು ಶುದ್ಧವಾಗಿದ್ದರೂ ಅದರ ಟಂಗ್‌ಸ್ಟನ್ ಮುಖದ ಮೇಲೆ ತೇವದಿಂದ ಕಣ್ಣಿಗೆ ಕಾಣದ ಪೊರೆ ಬೆಳೆದು ವಿದ್ಯುತ್ತನ್ನು ತಡೆಯುತ್ತದೆ. ಮಳೆಗಾಲ ಮುಗಿದ ಮೇಲೆ ಸ್ಪಾರ್ಕ್ ಬಾರದ ಬೈಕುಗಳಲ್ಲಿ ಬಹುಪಾಲು ಇದರಿಂದಲೇ ನಿಂತಿರುವುದನ್ನು ನೋಡಿದ್ದೇನೆ. ಅಂಥ ಹೊತ್ತಿನಲ್ಲಿ ಕಾಯಿಲ್ ಬದಲಿಸುವುದು ಹಣ ದಂಡ. ದಪ್ಪನೆಯ ಬಿಳಿ ಕಾಗದವನ್ನು ಪೆಟ್ರೋಲಿನಲ್ಲಿ ಅದ್ದಿ ಪಾಯಿಂಟಿನ ನಡುವೆ ನಾಲ್ಕು ಬಾರಿ ಎಳೆದು, ಒಣ ಕಾಗದದಿಂದ ಮತ್ತೆ ಒರೆಸಿದರೆ ಅರ್ಧ ಕೆಲಸ ಮುಗಿಯಿತು. ಮುಖದಲ್ಲಿ ಗುಳಿ ಬಿದ್ದಿದ್ದರೆ ನುಣುಪಾದ ಅರದಿಂದ ತಿಕ್ಕಬಹುದು. ಮರಳು ಕಾಗದ ಬೇಡ, ಅದರ ಕಣಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಅನಂತರ ಫೀಲರ್ ಗೇಜಿನಿಂದ 0.4 ಮಿ.ಮೀ. ಅಂತರ ಇಡಬೇಕು. ಬುಲೆಟ್ಟಿಗೂ 0.35ರಿಂದ 0.40 ಮಿ.ಮೀ. ಅಂತರ ಮೊದಲು, ಟೈಮಿಂಗ್, ಅಂದರೆ ಸ್ಪಾರ್ಕ್ ಬರುವ ಹೊತ್ತು, ಆಮೇಲೆ. ಅಂತರ ಬದಲಾದರೆ ಟೈಮಿಂಗ್ ತಾನಾಗಿಯೇ ಬದಲಾಗುವುದರಿಂದ ಈ ಕ್ರಮ ತಪ್ಪಿದರೆ ಕೆಲಸ ಎರಡಾಗುತ್ತದೆ. ಬುಲೆಟ್ 350ರಲ್ಲಿ ಪಿಸ್ಟನ್ ಮೇಲ್ತುದಿಗೆ 0.8 ಮಿ.ಮೀ. ಮೊದಲು ಪಾಯಿಂಟ್ ತೆರೆಯತೊಡಗಬೇಕು. ಸಿಗರೇಟಿನ ತೆಳುಹಾಳೆಯನ್ನು ಪಾಯಿಂಟಿಗೆ ಕಚ್ಚಿಸಿ ಎಂಜಿನ್ನನ್ನು ನಿಧಾನವಾಗಿ ತಿರುಗಿಸಿದರೆ, ಹಾಳೆ ಸಡಿಲವಾಗಿ ಕೈಗೆ ಬರುವ ಕ್ಷಣವೇ ಪಾಯಿಂಟ್ ತೆರೆಯುವ ಕ್ಷಣ.

ಬೈಕು ತಣ್ಣಗಿದ್ದಾಗ ಸರಿಯಾಗಿ ಓಡಿ ಕಾದ ಮೇಲೆ ನಿಲ್ಲುತ್ತಿದ್ದರೆ, ಪಾಯಿಂಟಿನಲ್ಲಿ ಬಿಳಿನೀಲಿಯ ದೊಡ್ಡ ಕಿಡಿ ಕಾಣುತ್ತಿದ್ದರೆ, ಆ ಕಿಡಿಯನ್ನು ತಡೆಯಲು ಪಾಯಿಂಟಿಗೆ ಜೋಡಿಸಿರುವ ಕಂಡೆನ್ಸರನ್ನು ಶಂಕಿಸಬೇಕು. ಕೆಪ್ಯಾಸಿಟನ್ಸ್ ಅಳೆಯುವ ಸಾಧಾರಣ ಮೀಟರಿನಲ್ಲಿ 0.2ರಿಂದ 0.3 ಮೈಕ್ರೊಫ್ಯಾರಡ್ ಬರಬೇಕು. ಕಾದಾಗ ಮಾತ್ರ ಕೈಕೊಡುವ ಕಂಡೆನ್ಸರನ್ನು ಅಡುಗೆಮನೆಯ ಸೌದೆಯ ಒಲೆಯ ಅಂಚಿನಲ್ಲಿ ಬೆಚ್ಚಗೆ ಮಾಡಿ ಅಳೆದರೆ ದೋಷ ಬಯಲಾಗುತ್ತದೆ. ಹೊಸದಾಗಿ ತಂದ ಕಂಡೆನ್ಸರುಗಳೂ ಈ ಪರೀಕ್ಷೆಯಲ್ಲಿ ಸೋತದ್ದುಂಟು. ಆದ್ದರಿಂದ ತಂದೆಯವರು ಬದಲಿಸಿ ಎತ್ತಿಟ್ಟಿದ್ದ ಹಳೆಯ ಭಾಗಗಳನ್ನು ನಾನು ಎಸೆದಿಲ್ಲ. ಅವೂ ಕಾಗದದ ಗ್ಯಾಸ್ಕೆಟ್ಟುಗಳೂ ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆಯ ಬಿಸಿಯಲ್ಲಿ, ಒಂದು ಬಿಸ್ಕೆಟ್ ಡಬ್ಬಿಯೊಳಗೆ ಒಣದಾಗಿ ಇವೆ.

ಆರು ವೋಲ್ಟಿನ ಬೈಕುಗಳ ದೀಪ ಮಂಕೆಂದು ದೂರುವವರು ಮೊದಲು ಅರ್ತಿನ (ಬೈಕಿನ ಚೌಕಟ್ಟಿಗೆ ಸೇರುವ ವಯರಿನ) ಜೋಡಣೆಗಳನ್ನು ಬಿಚ್ಚಿ ಉಜ್ಜಲಿ. ತುಕ್ಕಿನಿಂದ ಅರ್ಧ ವೋಲ್ಟ್ ಕಳೆದರೆ ಹನ್ನೆರಡು ವೋಲ್ಟಿನ ಬೈಕಿಗೆ ಅದು ಶೇಕಡಾ 4. ಆರು ವೋಲ್ಟಿನದಕ್ಕೆ ಶೇಕಡಾ 8. ಉಜ್ಜಿ ಬಿಗಿದ ಮೇಲೆ ವ್ಯಾಸಲೀನ್ ಸವರಿದರೆ ಮುಂದಿನ ಮಳೆಗಾಲದವರೆಗೆ ಚಿಂತೆಯಿಲ್ಲ. ಬ್ಯಾಟರಿಯನ್ನು ಮನೆಯೊಳಗೆ ಇಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು, ಬರಿದಾಗಿ ಕೂತ ಬ್ಯಾಟರಿ ಸೀಸದ ಸಲ್ಫೇಟಿನ ಪೊರೆ ಕಟ್ಟಿ ಸಾಯುತ್ತದೆ.

ಬುಲೆಟ್ಟಿನ ನಿಂತ ರೋಗವೇ ಬೇರೆ. ಹಳೆಯ ಬುಲೆಟ್ಟಿನಲ್ಲಿ ಎಣ್ಣೆಯ ತೊಟ್ಟಿ ಕ್ರ್ಯಾಂಕ್‌ಕೇಸಿಗೆ ಅಂಟಿಕೊಂಡೇ ಇರುತ್ತದೆ. ಬೈಕು ವಾರಗಟ್ಟಲೆ ನಿಂತಾಗ ತೊಟ್ಟಿಯ ಎಣ್ಣೆ ಪಂಪನ್ನು ದಾಟಿ ಹನಿಹನಿಯಾಗಿ ಕ್ರ್ಯಾಂಕ್ ತಿರುಗುವ ಜಾಗಕ್ಕೆ ಇಳಿಯುತ್ತದೆ. ಕಡ್ಡಿ ಅದ್ದಿ ನೋಡಿದವರು ಎಣ್ಣೆ ಕಡಿಮೆಯಿದೆ ಎಂದು ಮೇಲಿನಿಂದ ಇನ್ನಷ್ಟು ಸುರಿಯುತ್ತಾರೆ. ಸ್ಟಾರ್ಟ್ ಮಾಡಿದ ಕೂಡಲೇ ನೀಲಿಹೊಗೆ ಕವಿದು, ಎಂಜಿನ್ ಉಸಿರಾಡುವ ಕೊಳವೆಯಾದ ಬ್ರೀದರಿನಿಂದ ಎಣ್ಣೆ ಚಿಮ್ಮುತ್ತದೆ. ಆಗ ಎಂಜಿನ್ ಹಾಳಾಯಿತೆಂದು ಹೆದರಬೇಕಾಗಿಲ್ಲ. ಕೆಳಗಿನ ಡ್ರೇನ್ ಪ್ಲಗ್ ಬಿಚ್ಚಿ ಇಳಿದ ಎಣ್ಣೆಯನ್ನು ಹೊರಬಿಟ್ಟು, ತೊಟ್ಟಿಗೆ ಹೊಸ 20ಡಬ್ಲ್ಯು50 ತುಂಬಿ, ಸ್ಟಾರ್ಟ್ ಮಾಡಿದ ಮೇಲೆ, ವಾಲ್ವುಗಳನ್ನು ಒತ್ತುವ ರಾಕರಿಗೆ ಹೋಗುವ ಕೊಳವೆಯ ಬೋಲ್ಟನ್ನು ತುಸು ಸಡಿಲಿಸಿ ಎಣ್ಣೆ ಮೇಲಕ್ಕೆ ಬರುತ್ತಿದೆಯೇ ಎಂದು ಕಣ್ಣಾರೆ ನೋಡಬೇಕು. ಟ್ಯಾಪೆಟ್ಟಿನ ಸಡಿಲು ಎಂಜಿನ್ ತಣ್ಣಗಿರುವಾಗ ಸೊನ್ನೆ. ಟ್ಯಾಪೆಟ್ಟಿನಿಂದ ರಾಕರನ್ನು ಎತ್ತುವ ಕಡ್ಡಿಯಾದ ಪುಷ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಚಿಕ್ಕಪ್ಪನವರು ಈ ಹದವನ್ನು ನನ್ನ ಬೆರಳುಗಳ ಮೇಲೆ ತಮ್ಮ ಬೆರಳಿಟ್ಟು ಕಲಿಸಿದರು. ಬರೆದು ಹೇಳಿದರೆ ಅದು ತಿಳಿಯುವಂಥದ್ದಲ್ಲ. ಹಳೆಯ ಬುಲೆಟ್ಟಿನ ಕೆಲವು ನಟ್ಟುಗಳು ಇಂಗ್ಲಿಷ್ ಅಳತೆಯವಾದ್ದರಿಂದ ಮಿಲಿಮೀಟರಿನ ಸ್ಪ್ಯಾನರ್ ಹಾಕಿ ಮೂಲೆ ಸವೆಸುವುದಕ್ಕಿಂತ ವಿಟ್‌ವರ್ತ್ ಅಳತೆಯ ನಾಲ್ಕು ಸ್ಪ್ಯಾನರುಗಳನ್ನು ಹುಡುಕಿ ಕೊಳ್ಳುವುದು ಲೇಸು.

ಬ್ರೇಕು, ಕೇಬಲ್ಲುಗಳ ಕೆಲಸ ಸುಲಭವಾದರೂ ಘಾಟಿಯಲ್ಲಿ ಓಡಿಸುವವರಿಗೆ ಪ್ರಾಣದ ಪ್ರಶ್ನೆ. ಡ್ರಮ್ಮಿನೊಳಗೆ ತೇವ ಸೇರಿ ಕ್ಯಾಮಿನ ದಂಡ ತುಕ್ಕು ಹಿಡಿದರೆ ಬ್ರೇಕ್ ಹಿಡಿದದ್ದು ಬಿಡುವುದಿಲ್ಲ. ಅದನ್ನು ಬಿಚ್ಚಿ ಒರೆಸಿ ತೆಳುವಾಗಿ ಗ್ರೀಸ್ ಸವರಬೇಕು. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುತ್ತಿತ್ತಾದ್ದರಿಂದ ಆ ಧೂಳನ್ನು ಊದದೆ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಕೇಬಲ್ಲುಗಳನ್ನು ಶೆಡ್ಡಿನ ತೊಲೆಗೆ ನೇತುಹಾಕಿ, ಮೇಲ್ತುದಿಗೆ ಪ್ಲಾಸ್ಟಿಕ್ ಚೀಲದ ಮೂಲೆಯನ್ನು ಕೊಳವೆಯಂತೆ ಕಟ್ಟಿ ಎಣ್ಣೆ ಬಿಟ್ಟರೆ, ಬೆಳಗಾಗುವಷ್ಟರಲ್ಲಿ ಕೆಳತುದಿಯಿಂದ ಕಂದು ಬಣ್ಣದ ಹನಿ ಇಳಿಯುತ್ತದೆ. ಹನಿ ತಿಳಿಯಾಗುವವರೆಗೆ ಬಿಡುವುದು ನನ್ನ ಪದ್ಧತಿ.

ಮಳೆಗಾಲದ ಬೈಕನ್ನು ಎಬ್ಬಿಸುವ ದಿನ ನಮ್ಮಲ್ಲಿ ಸೆಪ್ಟೆಂಬರ್ 3, ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್. ಅಂದು ಮನೆಯ ಕೋವಿಯನ್ನೂ ಕತ್ತಿಯನ್ನೂ ತೊಳೆದು ಒರೆಸಿ ಇಟ್ಟು, ತೋಕ್‌ಪೂ ಎಂಬ ಕೋವಿಯ ಹೂವನ್ನು ಸಿಕ್ಕಿಸಿ ಪೂಜಿಸುತ್ತೇವೆ. ಲೋಹದ ಮೇಲೆ ಎಣ್ಣೆಯ ತೆಳುಪೊರೆ ಉಳಿಯಬೇಕು, ಎಣ್ಣೆ ಕೈಗೆ ಅಂಟಬಾರದು ಎಂಬುದನ್ನು ನಾನು ಬೈಕಿಗಿಂತ ಮೊದಲು ಕಲಿತದ್ದು ತಂದೆಯವರು ಕೋವಿಯ ನಳಿಗೆ ಒರೆಸುವುದನ್ನು ನೋಡಿ. ಈ ವರ್ಷವೂ ಪೂಜೆ ಮುಗಿದ ಮೇಲೆ ಹೊಸ ಪೆಟ್ರೋಲಿಗೆ ಲೀಟರಿಗೆ 40 ಮಿಲಿಲೀಟರಿನಂತೆ ಎಣ್ಣೆ ಬೆರೆಸಿ, ಸೈಲೆನ್ಸರಿನ ಬಟ್ಟೆ ಬಿಚ್ಚಿ, ಪಾಯಿಂಟಿಗೆ ಕಾಗದ ಎಳೆದು ಕಿಕ್ ತುಳಿದೆ. ನಾಲ್ಕನೆಯ ಕಿಕ್ಕಿಗೆ ಯೆಜ್ಡಿ ಎದ್ದಿತು. ಬುಲೆಟ್ಟು ಆಮ್‌ಮೀಟರಿನ ಮುಳ್ಳು ನಡುವಿಗೆ ತಂದು, ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಸರ್ ಒತ್ತಿದ ಮೇಲೆ ಎರಡನೆಯದಕ್ಕೆ.

ಸ್ಟಾರ್ಟ್ ಮಾಡುವ ಮೊದಲು ಯೆಜ್ಡಿಗೆ ಗಾಳಿಯ ಪರೀಕ್ಷೆ ಮಾಡಿದ್ದೆ. ಐದು ನಿಮಿಷದಲ್ಲಿ ಮುಳ್ಳು 250ರಿಂದ 236ಕ್ಕೆ ಇಳಿಯಿತು. ಕಳೆದ ವರ್ಷ ಇದೇ ಹೊತ್ತಿಗೆ 244 ಇತ್ತು. ಬಲಬದಿಯಲ್ಲಿ ಸೋಪಿನ ಗುಳ್ಳೆ ಇಲ್ಲ. ಗೇರ್ ಆಯಿಲಿನ ಮಟ್ಟ ತುಸು ಇಳಿದಿದೆ. ಎಡಬದಿಯ ಸೀಲಿಗೆ ಕ್ಲಚ್ಚನ್ನೂ ಪ್ರೈಮರಿ ಚೈನನ್ನೂ ಬಿಚ್ಚಬೇಕಾಗುತ್ತದೆ, ಅದು ಎರಡು ದಿನದ ಕೆಲಸ. ಎರಡೂ ಅಂಕಿಗಳನ್ನು ಮಳೆಯ ಪುಸ್ತಕದ ಅಂಚಿನಲ್ಲಿ ಬರೆದು, ಸೀಲು ತರಿಸಿ ಅಟ್ಟದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಕೊಯ್ಲು ಮುಗಿದು, ಕಾಫಿ ಅರಳಿಸುವ ಹೂಮಳೆ ಬೀಳುವ ಮೊದಲು, ಕಣ ಖಾಲಿಯಾಗುವ ವಾರದಲ್ಲಿ ತೆರೆಯುತ್ತೇನೆ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಗೇರ್ ಆಯಿಲಿನ ಮಟ್ಟ ನೋಡುವುದು, ಘಾಟಿಗೆ ಒಯ್ಯದಿರುವುದು.